ಮೊಡವೆಗೆ ಮೂರು ತಿಂಗಳ ತಾಳ್ಮೆ ಬೇಕು, ಎಂಟು ದಿನದ ಟ್ಯೂಬ್ ಬೇಡ

ಮೊಡವೆ ಸುದ್ದಿಯಲ್ಲ ಅಂತ ಜಿಲ್ಲಾ ಪುಟ ನೋಡಿಕೊಳ್ಳುವವರು ಹೇಳುತ್ತಾರೆ. ಬೆಳೆ ವಿಮೆ, ಕುಡಿಯುವ ನೀರು, ಬಾರದ ಬಸ್ಸು, ಪಂಚಾಯಿತಿ ಗಲಾಟೆ ಇಷ್ಟೆಲ್ಲ ಇರುವಾಗ ಹುಡುಗ ಹುಡುಗಿಯರ ಮುಖದ ಗುಳ್ಳೆಗೆ ಎಲ್ಲಿಯ ಜಾಗ? ಆದರೂ ಇವತ್ತು ನಾವು ಅದನ್ನೇ ಬರೆಯುತ್ತಿದ್ದೇವೆ. ಊರೂರು ತಿರುಗುವಾಗ ನಮ್ಮ ಕಣ್ಣಿಗೆ ಬೀಳುತ್ತಿರುವುದು ಬರೀ ಮೊಡವೆಯ ಮುಖಗಳಲ್ಲ. ಮೊಡವೆ ಕಳೆಯಲು ಹೋಗಿ ಸುಟ್ಟಂತೆ ಕೆಂಪಾದ, ಕೆನ್ನೆಯ ಮೇಲೆ ಕೆಂಪು ನರಗಳು ಎದ್ದು ಕಾಣುವ, ಬಿಸಿಲಿಗೆ ಬಂದರೆ ಉರಿ ಎನ್ನುವ ಮುಖಗಳೂ ಇವೆ. ಅವುಗಳಲ್ಲಿ ಬಹಳಷ್ಟು ಹದಿನಾರು, ಹದಿನೆಂಟು ವರ್ಷದವರದು.

ಇದು ಹೇಗೆ ಆಗುತ್ತದೆ ಎಂಬುದು ನಿಮಗೂ ಗೊತ್ತು. ಕಾಲೇಜಿನಿಂದ ಬರುವ ಹುಡುಗಿ ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪಿಗೆ ಹೋಗುತ್ತಾಳೆ.

"ಅಣ್ಣಾರ, ಮಾರಿಗೆ ಗುಳ್ಳಿ ಆಗ್ಯಾವ್ರಿ, ಏನರ ಹಚ್ಚಾಕ ಕೊಡ್ರಿ."

"ಇದನ್ನ ರಾತ್ರಿ ಹಚ್ಚಿ ಮಲ್ಕೊ ತಂಗಿ, ಎಂಟ ದಿನದಾಗ ಸ್ವಚ್ಛ ಆಗತೈತಿ."

ಚೀಟಿ ಇಲ್ಲ, ಪ್ರಶ್ನೆ ಇಲ್ಲ, ಬಿಲ್ಲೂ ಇಲ್ಲ. ಎಂಟು ದಿನಕ್ಕೆ ಮುಖ ನಿಜವಾಗಿಯೂ ಸ್ವಚ್ಛ ಆಗುತ್ತದೆ. ಅನಾಹುತ ಶುರುವಾಗುವುದು ಅಲ್ಲಿಂದಲೇ.

ಆ ಟ್ಯೂಬಿನಲ್ಲಿ ಏನಿದೆ?

ಹೀಗೆ ಕೈಗೆ ಬರುವ ಟ್ಯೂಬುಗಳಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೊಲೋನ್ ಹೀಗೆ ಹೆಸರುಗಳು. ಕೆಲವದರಲ್ಲಿ ಸ್ಟೀರಾಯ್ಡ್ ಜೊತೆ ಹುಳುಕಡ್ಡಿಯ ಔಷಧಿಯನ್ನೂ ಆಂಟಿಬಯೋಟಿಕ್ಕನ್ನೂ ಬೆರೆಸಿರುತ್ತಾರೆ. ಅಪ್ಪನ ತೊಡೆಯ ಹುಳುಕಡ್ಡಿಗೆ ತಂದ ಟ್ಯೂಬನ್ನೇ ಮಗಳು ಮೊಡವೆಗೆ, ತಾಯಿ ಬಂಗಿಗೆ ಹಚ್ಚಿಕೊಳ್ಳುವ ಮನೆಗಳಿವೆ. ಇನ್ನೊಂದು ಬಗೆಯದರಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಇರುತ್ತವೆ. ಅದು ಬಂಗಿಗೆ ಡಾಕ್ಟರ ಕಣ್ಣಳತೆಯಲ್ಲಿ ಕೆಲವು ವಾರ ಹಚ್ಚುವ ಔಷಧಿ. ನಮ್ಮ ಕಡೆ ಅದನ್ನು ಬೆಳ್ಳಗಾಗುವ ಕ್ರೀಮು ಅಂತ ವರ್ಷಗಟ್ಟಲೆ ಬಳಿದುಕೊಳ್ಳುತ್ತಾರೆ.

ಸ್ಟೀರಾಯ್ಡ್ ಎಂದರೆ ವಿಷ ಎಂದು ನಾವು ಹೇಳುತ್ತಿಲ್ಲ. ಇಸುಬು, ಅಲರ್ಜಿ, ಸೋರಿಯಾಸಿಸ್ ಇದ್ದವರಿಗೆ ಅದು ಬೇಕಾದ ಔಷಧಿ. ಆದರೆ ಅದನ್ನು ಎಲ್ಲಿ, ಎಷ್ಟು ದಿನ, ಎಷ್ಟು ಹಚ್ಚಬೇಕು ಎಂದು ಡಾಕ್ಟರು ಅಳೆದು ಹೇಳಬೇಕು. ಮುಖದ ಚರ್ಮ ಅಂಗೈ ಅಂಗಾಲಿನಂತೆ ದಪ್ಪಗಿಲ್ಲ, ಹಚ್ಚಿದ್ದನ್ನು ಬೇಗ ಹೀರುತ್ತದೆ.

ಮೊದಲ ವಾರ ಸ್ಟೀರಾಯ್ಡ್ ಊತ ಇಳಿಸುತ್ತದೆ, ರಕ್ತನಾಳ ಕುಗ್ಗಿಸುತ್ತದೆ. ಅದಕ್ಕೇ ಗುಳ್ಳೆ ಅಡಗಿ ಮುಖ ಬೆಳ್ಳಗೆ ಕಾಣುತ್ತದೆ. ಗೆಳತಿಯರು "ಏನ್ ಹಚ್ಚತೀಯೇ?" ಅಂತ ಕೇಳುತ್ತಾರೆ, ಟ್ಯೂಬಿನ ಹೆಸರು ಹಾಸ್ಟೆಲ್ ಪೂರ್ತಿ ಹಬ್ಬುತ್ತದೆ. ದಿನ ಕಳೆದಂತೆ ಚರ್ಮ ತೆಳ್ಳಗಾಗುತ್ತದೆ. ರಕ್ತನಾಳಗಳು ಕೆಂಪು ದಾರದಂತೆ ಕಾಣತೊಡಗುತ್ತವೆ. ಹುಡುಗಿಯರ ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ. ಮತ್ತೆ ಗುಳ್ಳೆ ಏಳುತ್ತವೆ, ಈ ಸಲ ಎಲ್ಲವೂ ಒಂದೇ ಅಳತೆಯ ಸಣ್ಣ ಗುಳ್ಳೆಗಳು. ಅವನ್ನು ಎಬ್ಬಿಸಿದ್ದು ಆ ಮುಲಾಮೇ. ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ, ಹಚ್ಚಿದರೆ ತಣ್ಣಗಾಗುತ್ತದೆ. ಹೀಗಾಗಿ ಟ್ಯೂಬ್ ಬಿಡುವ ಹಾಗೇ ಇಲ್ಲ. ಚರ್ಮದ ಡಾಕ್ಟರುಗಳು ಇದಕ್ಕೆ 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂದೇ ಹೆಸರಿಟ್ಟಿದ್ದಾರೆ.

ಇದೇನೂ ಒಂದೆರಡು ಊರಿನ ಕಥೆಯಲ್ಲ. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ಮುಖದ ತೊಂದರೆ ಹೇಳಿಕೊಂಡು ಬಂದ 2926 ಮಂದಿಯನ್ನು ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಆ 433ರಲ್ಲಿ 257 ಮಂದಿಗೆ ಅದನ್ನು ಹಚ್ಚಲು ಹೇಳಿದವರು ಡಾಕ್ಟರೇ ಅಲ್ಲ.

ಕಾನೂನು ಇಲ್ಲವೇ? ಇದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಹೆಚ್ ಪಟ್ಟಿಗೆ ಸೇರಿಸಿತು. ಎಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಇದು ನಮ್ಮ ಬಸ್ ಸ್ಟ್ಯಾಂಡಿನ ತನಕ ಇನ್ನೂ ಬಂದಿಲ್ಲ, ಅಷ್ಟೇ.

ಮೊಡವೆ ಯಾಕೆ ಆಗುತ್ತದೆ

ಟ್ಯೂಬ್ ಬೇಡ ಎಂದ ಮೇಲೆ ಏನು ಮಾಡಬೇಕು ಎಂಬುದನ್ನೂ ಹೇಳಬೇಕಲ್ಲ. ಅದಕ್ಕೆ ಮೊದಲು ಮೊಡವೆ ಅಂದರೇನು ಎಂದು ಎರಡು ಮಾತು.

ಮನೆಯಲ್ಲಿ ಹಿರಿಯರು "ಉಷ್ಣ ಆಗೈತಿ" ಅನ್ನುತ್ತಾರೆ. ಮೇಷ್ಟ್ರು "ಮುಖ ತೊಳಿಯಂಗಿಲ್ಲೇನು?" ಅನ್ನುತ್ತಾರೆ. ಗೆಳೆಯರು ಹೇಳುವುದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಮೂರೂ ಸರಿಯಲ್ಲ.

ಹನ್ನೆರಡು ಹದಿಮೂರರ ಹೊತ್ತಿಗೆ ಮೈಯಲ್ಲಿ ಆಂಡ್ರೋಜನ್ ಎಂಬ ಹಾರ್ಮೋನು ಏರುತ್ತದೆ. ಅದು ಹುಡುಗರಲ್ಲೂ ಇದೆ, ಹುಡುಗಿಯರಲ್ಲೂ ಇದೆ. ಕೂದಲ ಬುಡದಲ್ಲಿರುವ ಎಣ್ಣೆ ಗ್ರಂಥಿಗಳು ಇದರಿಂದ ಜಾಸ್ತಿ ಜಿಡ್ಡು ಬಿಡುತ್ತವೆ. ಸತ್ತ ಚರ್ಮದ ಪುಡಿ ಈ ಜಿಡ್ಡಿನ ಜೊತೆ ಸೇರಿ ರಂಧ್ರ ಕಟ್ಟಿಕೊಳ್ಳುತ್ತದೆ. ಚರ್ಮದ ಮೇಲೆ ಎಲ್ಲರಿಗೂ ಇರುವ ಒಂದು ಬ್ಯಾಕ್ಟೀರಿಯಾ ಕಟ್ಟಿದ ಆ ರಂಧ್ರದೊಳಗೆ ಹೆಚ್ಚುತ್ತದೆ, ಊತ ಬರುತ್ತದೆ, ಕೀವು ತುಂಬುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೂಡ ಕೊಳೆಯಲ್ಲ. ರಂಧ್ರದಲ್ಲಿ ಕಟ್ಟಿದ ಜಿಡ್ಡು, ಚರ್ಮದ ಬಣ್ಣದ ಅಂಶ ಗಾಳಿಗೆ ತೆರೆದುಕೊಂಡು ಕಪ್ಪಾಗಿರುತ್ತದೆ. ತಿಕ್ಕಿದರೆ ಹೋಗುವುದಿಲ್ಲ.

ಹನ್ನೆರಡರಿಂದ ಇಪ್ಪತ್ನಾಲ್ಕರ ವಯಸ್ಸಿನ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಯಾವುದೋ ಒಂದು ಹೊತ್ತಿನಲ್ಲಿ ಮೊಡವೆ ಬಂದೇ ಬರುತ್ತದೆ. ಅಪ್ಪ ಅಮ್ಮನಿಗೆ ಜೋರಾಗಿ ಬಂದಿದ್ದರೆ ಮಕ್ಕಳಿಗೂ ಬರುವುದು ಹೆಚ್ಚು. ಇದು ಅಂಟುರೋಗ ಅಲ್ಲ, ನಡತೆಯ ಗುರುತೂ ಅಲ್ಲ.

ದಿನದ ಕ್ರಮ: ಬೆಳಿಗ್ಗೆ ಮೂರು, ರಾತ್ರಿ ಮೂರು

ಮೊಬೈಲಿನಲ್ಲಿ ಹತ್ತು ಬಾಟಲಿ ಜೋಡಿಸಿಟ್ಟು ಸೀರಮ್ಮು, ಟೋನರ್ರು ಎಂದು ಒಂದೊಂದಾಗಿ ಹಚ್ಚುವ ವಿಡಿಯೋಗಳನ್ನು ನಮ್ಮ ಹುಡುಗರೂ ನೋಡುತ್ತಾರೆ. ಅಷ್ಟು ಬೇಕಿಲ್ಲ. ಜಿಡ್ಡು ಮುಖಕ್ಕೆ ಬೇಕಾದದ್ದು ತೊಳೆಯುವುದು, ಔಷಧಿ, ತೇವ ಕಾಯುವುದು, ಬಿಸಿಲಿನಿಂದ ಕಾಯುವುದು. ನಾಲ್ಕೇ ಕೆಲಸ.

ಬೆಳಿಗ್ಗೆ ಎದ್ದು ಮುಖ ತೊಳೆಯಿರಿ. ಮೈಸೋಪಿಗಿಂತ ಸೌಮ್ಯವಾದ ಫೇಸ್‌ವಾಶ್ ಒಳ್ಳೆಯದು. ಮಾಮೂಲಿ ಸೋಪು ಕ್ಷಾರ, ಚರ್ಮದ ಮೇಲ್ಪದರ ತುಸು ಹುಳಿ. ಅದರ ಮೇಲೆ ನಮ್ಮ ಕಡೆ ಬೋರ್‌ವೆಲ್ಲಿನ ಗಡಸು ನೀರು. ಸೋಪು ನೊರೆ ಬರುವುದಿಲ್ಲ, ಅದರ ಅಂಟು ಮುಖದ ಮೇಲೇ ಉಳಿದು ಕೆರೆತ ಕೊಡುತ್ತದೆ. ಸ್ಯಾಲಿಸಿಲಿಕ್ ಆಸಿಡ್ 1ರಿಂದ 2% ಇರುವ ಫೇಸ್‌ವಾಶ್ ಸಿಕ್ಕರೆ ರಂಧ್ರದ ಜಿಡ್ಡು ಸಡಿಲಿಸಲು ಸಹಾಯ. ಬಟ್ಟೆ ಸೋಪು ಮುಖಕ್ಕೆ ಬೇಡವೇ ಬೇಡ. ಬೆರಳಿನಿಂದ ಮೆಲ್ಲಗೆ ತೊಳೆದು, ಒತ್ತಿ ಒರೆಸಿ. ಮೈ ತಿಕ್ಕುವ ನಾರಿನಿಂದ ಮುಖ ತಿಕ್ಕಬೇಡಿ.

ಆಮೇಲೆ ಜಿಡ್ಡಿಲ್ಲದ ಮಾಯಿಶ್ಚರೈಸರ್ ತೆಳ್ಳಗೆ. "ಮುಖವೇ ಎಣ್ಣೆ ಸುರಿಸತೈತಿ, ಮತ್ತ ಅದ್ಯಾಕ?" ಎಂದು ಕೇಳುತ್ತೀರಿ. ಮೊಡವೆಯ ಔಷಧಿ ಚರ್ಮ ಒಣಗಿಸುತ್ತದೆ. ಒಣಗಿ ಸಿಪ್ಪೆ ಎದ್ದರೆ ನೀವು ಔಷಧಿಯನ್ನೇ ಬಿಟ್ಟುಬಿಡುತ್ತೀರಿ. ಅದಕ್ಕೆ ಇದು ಬೇಕು. ಜೆಲ್ ರೂಪದ್ದು, 'ನಾನ್ ಕೊಮೆಡೋಜೆನಿಕ್' ಎಂದು ಬರೆದದ್ದು ನೋಡಿ ತನ್ನಿ. ರಂಧ್ರ ಕಟ್ಟುವುದಿಲ್ಲ ಎಂದು ಅದರ ಅರ್ಥ.

ಮೂರನೆಯದು ಬಿಸಿಲು. ಎಸ್‌ಪಿಎಫ್ 30 ಅಥವಾ ಮೇಲಿನ ಜೆಲ್ ಸನ್‌ಸ್ಕ್ರೀನ್ ತರುವ ಶಕ್ತಿ ಇದ್ದರೆ ಎರಡು ಬೆರಳುದ್ದದಷ್ಟು ಹಚ್ಚಿ, ಬಿಸಿಲಲ್ಲೇ ಇದ್ದರೆ ಎರಡು ಮೂರು ತಾಸಿಗೊಮ್ಮೆ ಮತ್ತೆ ಹಚ್ಚಿ. ಇಡೀ ದಿನ ಹೊಲದಲ್ಲಿ ಬೆವರು ಸುರಿಸುವವರಿಗೆ ಇದು ಆಗದ ಮಾತು, ನಮಗೂ ಗೊತ್ತು. ಅವರು ಅಗಲ ಅಂಚಿನ ಟೋಪಿ ಹಾಕಿಕೊಳ್ಳಲಿ. ಇಲ್ಲವೆ ಸೆರಗನ್ನೋ ತೆಳು ಹತ್ತಿ ಟವೆಲನ್ನೋ ಮುಖದ ಮೇಲೆ ನೆರಳು ಬೀಳುವ ಹಾಗೆ ಹೊದ್ದುಕೊಳ್ಳಲಿ. ಆ ಟವೆಲ್ ದಿನಾ ಒಗೆದದ್ದಿರಲಿ.

ಬಿಸಿಲು ಯಾಕೆ ಮುಖ್ಯ ಅಂದರೆ, ನಮ್ಮಂಥ ಕಂದು ಬಣ್ಣದ ಚರ್ಮದಲ್ಲಿ ಮೊಡವೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಸಿಲು ಬಿದ್ದಷ್ಟೂ ಅದು ಗಾಢವಾಗುತ್ತದೆ. ಬಹಳ ಮಂದಿ ಸ್ಟೀರಾಯ್ಡ್ ಟ್ಯೂಬಿಗೆ ಕೈ ಹಾಕುವುದು ಈ ಕಲೆಗಾಗಿಯೇ. ಹೊಸ ಮೊಡವೆ ನಿಂತು, ಬಿಸಿಲು ತಪ್ಪಿಸಿದರೆ ಕಲೆ ನಿಧಾನಕ್ಕೆ ತಾನೇ ತಿಳಿಯಾಗುತ್ತದೆ. ಕುಳಿ ಬಿದ್ದರೆ ಮಾತ್ರ ಯಾವ ಕ್ರೀಮೂ ತುಂಬುವುದಿಲ್ಲ. ಅದಕ್ಕೇ ಮೊಡವೆ ಹಿಂಡಬೇಡಿ, ಉಗುರು ಹಾಕಬೇಡಿ.

ರಾತ್ರಿ ಮತ್ತೆ ಮುಖ ತೊಳೆಯಿರಿ. ಆಟ ಆಡಿ ಬಂದರೆ, ಗದ್ದೆ ಕೆಲಸ ಮುಗಿಸಿ ಬಂದರೆ, ಹೆಲ್ಮೆಟ್ ತೆಗೆದರೆ ಬೆವರು ತೊಳೆಯಿರಿ. ಮೆಣಸಿನಕಾಯಿ ಬಿಡಿಸಿದ ಕೈಯನ್ನು ಚೆನ್ನಾಗಿ ತೊಳೆಯದೆ ಮುಖ ಮುಟ್ಟಬೇಡಿ. ಆದರೆ ದಿನಕ್ಕೆ ಏಳೆಂಟು ಸಲ ಫೇಸ್‌ವಾಶ್ ಹಾಕಿ ತೊಳೆದರೆ ಚರ್ಮ ಕೆರಳುತ್ತದೆ. ನಡುನಡುವೆ ಬರೀ ನೀರು ಸಾಕು.

ತೊಳೆದು ಒಣಗಿದ ಮುಖಕ್ಕೆ ಔಷಧಿ. ಬಹಳ ಮಂದಿಗೆ ಹಿಡಿಯುವವು ಎರಡು. ಒಂದು, ಅಡಾಪಲೀನ್ 0.1% ಜೆಲ್. ಇದು ಕಟ್ಟಿದ ರಂಧ್ರ ಬಿಡಿಸುತ್ತದೆ. ಇನ್ನೊಂದು, ಬೆಂಝಾಯ್ಲ್ ಪೆರಾಕ್ಸೈಡ್ 2.5% ಜೆಲ್. ಇದು ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. 5, 10% ಇರುವುದು ಜಾಸ್ತಿ ಜೋರು ಎಂದು ತರಬೇಡಿ, ಕೆಲಸ ಹೆಚ್ಚುಕಡಿಮೆ ಅಷ್ಟೇ, ಉರಿ ಮಾತ್ರ ಜಾಸ್ತಿ. ಇವನ್ನು ಒಮ್ಮೆ ಡಾಕ್ಟರಿಗೆ ಮುಖ ತೋರಿಸಿ, ಚೀಟಿ ಬರೆಸಿಕೊಂಡು ತನ್ನಿ. ಚೀಟಿ ಇಲ್ಲದೆ ಕೊಳ್ಳುವುದೇ ರೋಗ ಎಂದು ಹೇಳುತ್ತ, ನಾವೇ ಇಲ್ಲಿ ಹೆಸರು ಓದಿ ಕೊಂಡುಕೊಳ್ಳಿ ಎನ್ನುವುದು ಸರಿಯಲ್ಲ. ಗರ್ಭಿಣಿಯರು, ಮಗು ಬಯಸುವವರು ಅಡಾಪಲೀನ್ ಹಚ್ಚಬಾರದು.

ಡಾಕ್ಟರು ಬರೆದುಕೊಟ್ಟ ಮೇಲೆ ಹಚ್ಚುವ ಬಗೆ ಹೀಗೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಕಣ್ಣು, ತುಟಿ, ಮೂಗಿನ ಮಡಿಕೆ ಬಿಟ್ಟು ಮೊಡವೆ ಬರುವ ಜಾಗಕ್ಕೆಲ್ಲ ತೆಳ್ಳಗೆ ಹಚ್ಚಿ, ಗುಳ್ಳೆಯ ತಲೆಯ ಮೇಲಷ್ಟೇ ಅಲ್ಲ. ಮೊದಲ ಎರಡು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಎರಡೂ ಔಷಧಿ ಬರೆದಿದ್ದರೆ ಎರಡನ್ನೂ ಒಂದೇ ದಿನ ಶುರು ಮಾಡಬೇಕೇ ಎಂದು ಕೇಳಿಕೊಳ್ಳಿ. ಬೆಂಝಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ, ದಿಂಬಿನ ಮೇಲೆ ಹಳೆಯ ಬಿಳಿ ಬಟ್ಟೆ ಹಾಸಿ. ಕ್ಲಿಂಡಮೈಸಿನ್ ಎಂಬ ಆಂಟಿಬಯೋಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಬೇಡಿ, ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ. ಔಷಧಿಯ ಮೇಲೆ ಮತ್ತೆ ಸ್ವಲ್ಪ ಮಾಯಿಶ್ಚರೈಸರ್ ಹಚ್ಚಿ ಮಲಗಿ.

ದುಡ್ಡು ಒಂದಕ್ಕೇ ಇದೆ ಎಂದರೆ ಏನು ಕೊಳ್ಳಬೇಕು? ಔಷಧಿ ಕೊಳ್ಳಿ. ಫೇಸ್‌ವಾಶ್ ಇಲ್ಲದಿದ್ದರೆ ಸೌಮ್ಯ ಸೋಪಿನಲ್ಲಿ ಎರಡು ಸಲ ತೊಳೆದರೂ ನಡೆಯುತ್ತದೆ, ನೆರಳಿಗೆ ಸೆರಗು ಇದೆ. ಔಷಧಿಯ ಬದಲಿಗೆ ಮಾತ್ರ ಮನೆಯಲ್ಲಿ ಏನೂ ಇಲ್ಲ.

ಮನೆಯಲ್ಲಿರುವುದು ಎಲ್ಲವೂ ಒಳ್ಳೆಯದಲ್ಲ

ನಿಂಬೆಹಣ್ಣು ಮುಖಕ್ಕೆ ಬೇಡ. ಅದು ಬಲವಾದ ಹುಳಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಕಲೆ ಬೀಳಬಹುದು. ಅಡಿಗೆ ಸೋಡಾ, ಟೂತ್‌ಪೇಸ್ಟ್ ಬೇಡ. ಸಕ್ಕರೆ ಹಾಕಿ ಉಜ್ಜುವುದು ಬೇಡ. ಕಡಲೆಹಿಟ್ಟು, ಅರಿಸಿನ ಹಬ್ಬಕ್ಕೊಮ್ಮೆ ಹಚ್ಚಿದರೆ ಮುಳುಗಿಹೋಗುವುದೇನಿಲ್ಲ, ಆದರೆ ಅದರಿಂದ ಮೊಡವೆ ವಾಸಿಯಾಗುತ್ತದೆ ಎಂದು ಕಾಯಬೇಡಿ. ತರಿತರಿ ಹಿಟ್ಟಿನಿಂದ ಕೀವಿನ ಗುಳ್ಳೆ ಉಜ್ಜಿದರೆ ಒಡೆದು ಕಲೆಯಾಗುತ್ತದೆ.

ಎಣ್ಣೆಯ ಮಾತು ಹೇಳಿದರೆ ನಮ್ಮ ಅವ್ವಂದಿರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಬೇಕು. ಕೊಬ್ಬರಿ ಎಣ್ಣೆ ರಂಧ್ರ ಕಟ್ಟುತ್ತದೆ. ಜಿಡ್ಡು ಮುಖದವರು ಮುಖಕ್ಕೆ ಹಚ್ಚಬಾರದು. ತಲೆಗೆ ಎಣ್ಣೆ ಸುರಿದುಕೊಂಡು ಶಾಲೆಗೆ ಹೋದರೆ ಅದು ಬೆವರಿನ ಜೊತೆ ಹಣೆಗಿಳಿಯುತ್ತದೆ. ಹಣೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳ್ಳೆ ಇದ್ದರೆ ಮೊದಲು ಎಣ್ಣೆಯನ್ನೇ ಅನುಮಾನಿಸಿ. ತಲೆಸ್ನಾನಕ್ಕೆ ಮುಂಚೆ ಒಂದು ತಾಸು ಎಣ್ಣೆ ಹಚ್ಚಿ ತೊಳೆದುಬಿಡಿ. ಜಡೆ ಹೆಣೆದು ಹಣೆ ಬಿಡಿಸಿಕೊಳ್ಳಿ.

ಹುಡುಗರಿಗೂ ಎರಡು ಮಾತು. ಮೊಡವೆ ಎದ್ದ ಮುಖಕ್ಕೆ ಮದುವೆ, ಜಾತ್ರೆ ಬಂತೆಂದು ಸಲೂನಿನಲ್ಲಿ ಬ್ಲೀಚ್, ಫೇಷಿಯಲ್ ಮಾಡಿಸಬೇಡಿ. ಜಿಡ್ಡು ಕ್ರೀಮು ಹಚ್ಚಿ ತಿಕ್ಕಿದಷ್ಟೂ ಗುಳ್ಳೆ ಹೆಚ್ಚು. ಜಿಮ್ಮಿನ ಪ್ರೋಟೀನ್ ಪುಡಿ ಶುರು ಮಾಡಿದ ಮೇಲೆ ಮೊಡವೆ ಹೆಚ್ಚಾದವರೂ ಇದ್ದಾರೆ. ಮೈ ಕಟ್ಟಲು ಕೊಡುವ ಹಾರ್ಮೋನ್ ಇಂಜೆಕ್ಷನ್ ಎದೆ ಬೆನ್ನಿನ ಮೇಲೂ ದೊಡ್ಡ ದೊಡ್ಡ ಗುಳ್ಳೆ ಎಬ್ಬಿಸುತ್ತದೆ.

ಊಟದ ಬಗ್ಗೆ ಹೆದರಿಸುವವರು ಬಹಳ. ಸಕ್ಕರೆ, ಬೇಕರಿ ತಿಂಡಿ, ಬಾಟಲಿಯ ಸಿಹಿ ಪಾನೀಯ ಕಡಿಮೆ ಮಾಡಿದರೆ ಕೆಲವರಿಗೆ ಮೊಡವೆ ಕಡಿಮೆಯಾಗುತ್ತದೆ. ಹಾಲು ಕೆಲವರಿಗೆ ಆಗುವುದಿಲ್ಲ. ಹಾಗೆಂದು ಬೆಳೆಯುವ ಹುಡುಗಿಗೆ ಶೇಂಗಾ ಬೇಡ, ಮೊಟ್ಟೆ ಬೇಡ, ಹಾಲು ಬೇಡ ಎಂದು ಎಲ್ಲವನ್ನೂ ಬಿಡಿಸಿ ರಕ್ತಹೀನತೆ ತರಿಸಬೇಡಿ. ರೊಟ್ಟಿ, ಕಾಳು, ಸೊಪ್ಪು, ಮೊಸರು ಬಿಟ್ಟರೆ ಮೊಡವೆ ಹೋಗುವುದಿಲ್ಲ.

ಮೂರು ತಿಂಗಳು

ಸ್ಟೀರಾಯ್ಡ್ ಗೆಲ್ಲುವುದು ಇಲ್ಲೇ. ಅದು ಎಂಟು ದಿನದಲ್ಲಿ ಫಲ ತೋರಿಸುತ್ತದೆ. ನಿಜವಾದ ಔಷಧಿ ಮೊದಲ ಎರಡು ಮೂರು ವಾರ ಮುಖ ಒಣಗಿಸುತ್ತದೆ, ಕೆಲವರಿಗೆ ಗುಳ್ಳೆ ಸ್ವಲ್ಪ ಹೆಚ್ಚೂ ಆಗುತ್ತದೆ. ಆರರಿಂದ ಎಂಟು ವಾರಕ್ಕೆ ಬದಲಾವಣೆ ಕಾಣತೊಡಗುತ್ತದೆ. ಪೂರ್ತಿ ಲೆಕ್ಕ ಸಿಗುವುದು ಹನ್ನೆರಡು ವಾರಕ್ಕೆ. ಬಿತ್ತಿದ ಜೋಳ ಮೂರನೇ ವಾರಕ್ಕೆ ತೆನೆ ಬಿಡಲಿಲ್ಲ ಎಂದು ಯಾರೂ ಹರಗುವುದಿಲ್ಲ. ಮುಖಕ್ಕೂ ಅಷ್ಟು ಸಮಯ ಕೊಡಿ. ಮೊದಲ ದಿನ ಒಂದು ಫೋಟೋ ತೆಗೆದಿಡಿ, ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಮತ್ತೊಂದು. ದಿನಾ ಕನ್ನಡಿ ನೋಡಿದರೆ ಬದಲಾವಣೆ ಗೊತ್ತಾಗುವುದಿಲ್ಲ. ವಾಸಿಯಾದ ಮೇಲೂ ಡಾಕ್ಟರು ಹೇಳುವ ತನಕ ಔಷಧಿ ನಿಲ್ಲಿಸಬೇಡಿ.

ಕೆಲವರು ಕಾಯಬಾರದು. ಚರ್ಮದ ಒಳಗೆ ಗಟ್ಟಿ ಗಂಟು ಕಟ್ಟಿ ನೋಯುತ್ತಿದ್ದರೆ, ಕುಳಿ ಬೀಳುತ್ತಿದ್ದರೆ, ಎದೆ ಬೆನ್ನಿಗೆಲ್ಲ ಹಬ್ಬಿದ್ದರೆ ಬೇಗ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹುಡುಗಿಯರಿಗೆ ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಗಡುಸು ಕೂದಲು ಬಂದು, ಮೊಡವೆಯೂ ಇದ್ದರೆ ಪಿಸಿಒಎಸ್ ಇರಬಹುದು, ಪರೀಕ್ಷೆ ಮಾಡಿಸಿ. ಜೋರಾದ ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಗುಳಿಗೆ ಇದೆ. ಒಳ್ಳೆಯ ಔಷಧಿಯೇ, ಆದರೆ ಬಸಿರಿನಲ್ಲಿ ತಗೊಂಡರೆ ಮಗುವಿಗೆ ಗಂಭೀರ ಅಂಗದೋಷ ಬರುತ್ತದೆ. ಅದನ್ನು ಗೆಳತಿಯ ಚೀಟಿ ನೋಡಿ ನುಂಗುವುದು ಸ್ಟೀರಾಯ್ಡ್‌ಗಿಂತ ದೊಡ್ಡ ಅಪಾಯ.

ಈಗಾಗಲೇ ಟ್ಯೂಬ್ ಹಚ್ಚುತ್ತಿದ್ದರೆ

ನಿಮ್ಮ ಟ್ಯೂಬನ್ನೊಮ್ಮೆ ತೆಗೆದು ನೋಡಿ. ದೊಡ್ಡ ಅಕ್ಷರದ ಹೆಸರು ಬಿಡಿ, ಕೆಳಗಿನ ಸಣ್ಣ ಅಕ್ಷರ ಓದಿ. ಔಷಧಿಯ ಹೆಸರು ಇಂಗ್ಲಿಷಿನಲ್ಲಿ 'ಸೋನ್' ಎಂದೋ 'ಲೋನ್' ಎಂದೋ ಮುಗಿದರೆ, ಅಥವಾ ಕ್ಲೋಬೆಟಾಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್ ಇರಬಹುದು. ಆರ್‌ಎಕ್ಸ್ ಎಂಬ ಗುರುತು, ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡಬಾರದ ಔಷಧಿ. ಓದಲು ಬಾರದಿದ್ದರೆ ಫೋಟೋ ತೆಗೆದು ಊರಿನ ನರ್ಸಮ್ಮನಿಗೆ, ಸರ್ಕಾರಿ ಆಸ್ಪತ್ರೆಯ ಫಾರ್ಮಸಿಯವರಿಗೆ ತೋರಿಸಿ. ಹೆಸರೇ ಇಲ್ಲದ, ಡಬ್ಬಿಯಲ್ಲಿ ತುಂಬಿಕೊಟ್ಟ ಬೆಳ್ಳಗಾಗುವ ಕ್ರೀಮು ಇನ್ನೂ ಕೆಟ್ಟದ್ದು, ಅಂಥವುಗಳಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಡಾಕ್ಟರುಗಳು ಮೂತ್ರಪಿಂಡದ ತೊಂದರೆಯಿಂದ ಬಂದ ಹಲವರು ಇಂಥ ಕ್ರೀಮು ಬಳಸುತ್ತಿದ್ದುದನ್ನು ಪತ್ತೆ ಮಾಡಿದರು.

ಬಹಳ ದಿನ ಹಚ್ಚಿದ್ದರೆ ನಿಲ್ಲಿಸಿದಾಗ ಮುಖ ಕೆರಳುತ್ತದೆ. ಆ ಉರಿ ತಾಳದೆ ಮತ್ತೆ ಹಚ್ಚುವವರೇ ಹೆಚ್ಚು. ಒಬ್ಬರೇ ಒದ್ದಾಡಬೇಡಿ, ಟ್ಯೂಬ್ ಹಿಡಿದುಕೊಂಡೇ ಚರ್ಮದ ಡಾಕ್ಟರ ಬಳಿ ಹೋಗಿ. ಹೇಗೆ ಬಿಡಬೇಕು ಎಂದು ಅವರು ಹೇಳುತ್ತಾರೆ. ಸರಿಯಾಗಲು ತಿಂಗಳುಗಳೇ ಬೇಕು, ಆದರೆ ಬೇಗ ಬಿಟ್ಟಷ್ಟೂ ಚೇತರಿಕೆ ಸುಲಭ.

ಅಂಗಡಿಯವರನ್ನಷ್ಟೇ ಬೈದರೆ ಸಾಲದು

ಇದನ್ನು ಓದಿ ಒಂದು ಮಾತು ಬರುತ್ತದೆ, ನಮಗೆ ಗೊತ್ತು. "ಡಾಕ್ಟರು ಜಿಲ್ಲಾ ಕೇಂದ್ರದಾಗ ಅದಾರ. ಒಂದು ಮೊಡವಿಗೆ ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡದು ಹೋಗೂದ ಏನು?" ಈ ಮಾತಿನಲ್ಲಿ ಸತ್ಯ ಇದೆ. ಹತ್ತು ಹೆಜ್ಜೆಯಲ್ಲಿ ಸಿಗುವ ಟ್ಯೂಬು, ಎಪ್ಪತ್ತು ಕಿಲೋಮೀಟರ್ ಆಚೆಯ ಚೀಟಿ. ಬಡವರು ಯಾವುದನ್ನು ಆರಿಸುತ್ತಾರೆ ಎಂದು ಕೇಳಬೇಕಿಲ್ಲ. ಆದರೆ ಆ ಟ್ಯೂಬು ಒಂದಕ್ಕೆ ಮುಗಿಯುವುದಿಲ್ಲ. ತಿಂಗಳಿಗೊಂದರಂತೆ ವರ್ಷ ಪೂರ್ತಿ ಹಚ್ಚಿ, ಆಮೇಲೆ ಹಾಳಾದ ಮುಖ ಹಿಡಿದು ಅದೇ ಜಿಲ್ಲಾ ಕೇಂದ್ರಕ್ಕೆ ಹತ್ತು ಸಲ ಹೋಗುವ ಖರ್ಚು ಲೆಕ್ಕ ಹಾಕಿ.

ದಾರಿಯೂ ಪೂರ್ತಿ ಮುಚ್ಚಿಲ್ಲ. ಮಾಮೂಲಿ ಮೊಡವೆಗೆ ಚೀಟಿ ಬರೆಯಲು ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ಡಾಕ್ಟರು ಸಾಕು. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಎಂಬ ವ್ಯವಸ್ಥೆ ಇದೆ. ಇ-ಸಂಜೀವಿನಿಯಲ್ಲಿ ಫೋನಿನಲ್ಲೇ ಡಾಕ್ಟರಿಗೆ ಪುಕ್ಕಟೆ ಮುಖ ತೋರಿಸಬಹುದು. ಜೋರಾದ ಮೊಡವೆಗೆ, ಸ್ಟೀರಾಯ್ಡ್‌ನಿಂದ ಹಾಳಾದ ಮುಖಕ್ಕೆ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗ ಇದೆ. ಚೀಟಿ ಸಿಕ್ಕ ಮೇಲೆ ಜನೌಷಧಿ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ.

ನಮ್ಮ ಒತ್ತಾಯ ಇಷ್ಟು. ಆರೋಗ್ಯ ಕೇಂದ್ರಕ್ಕೆ ಮೊಡವೆ ಎಂದು ಬಂದ ಹುಡುಗಿಯನ್ನು "ಇದಕ್ಕೂ ಬಂದ್ಯಾ?" ಎಂದು ನಗಾಡಿ ಕಳಿಸಬೇಡಿ, ಹಾಗೆ ಕಳಿಸಿದವಳು ಸೀದಾ ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಔಷಧ ನಿಯಂತ್ರಣ ಇಲಾಖೆಯವರು ನಿದ್ದೆ ಗುಳಿಗೆ ಹುಡುಕುವಂತೆ ಸ್ಟೀರಾಯ್ಡ್ ಮುಲಾಮಿನ ಲೆಕ್ಕವನ್ನೂ ಕೇಳಲಿ. ಮೆಡಿಕಲ್ ಶಾಪಿನ ಅಣ್ಣಂದಿರೇ, ನೀವು ನಮ್ಮೂರಿನವರೇ. ಚೀಟಿ ಇಲ್ಲ ಅಂದರೆ ಕೊಡಬೇಡಿ. ನಿಮ್ಮ ಮಗಳಿಗೆ ಹಚ್ಚಲು ಕೊಡದ ಟ್ಯೂಬನ್ನು ಊರಿನ ಮಗಳಿಗೂ ಕೊಡಬೇಡಿ.

ಇನ್ನು ನಮ್ಮ ನಿಮ್ಮ ಮನೆಗಳ ಮಾತು. ಹುಡುಗಿ ಆ ಟ್ಯೂಬಿಗೆ ಹೋಗುವುದು ಮೊಡವೆಗಾಗಿ ಮಾತ್ರ ಅಲ್ಲ. ಗಂಡಿನ ಕಡೆಯವರು ಬರುತ್ತಾರೆ, ಮುಖ ಸ್ವಚ್ಛ ಇರಬೇಕು, ಬೆಳ್ಳಗಿರಬೇಕು ಎಂದು ಮನೆಯಲ್ಲೇ ಅವಸರ ಮಾಡುತ್ತಾರೆ. 1975ರಿಂದ ಮಾರುತ್ತಿದ್ದ ಪ್ರಸಿದ್ಧ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆಯಿತು. ನಮ್ಮ ಪಡಸಾಲೆಯ ಮಾತಿನಿಂದ ಅದು ಇನ್ನೂ ಹೋಗಿಲ್ಲ. ತರಗತಿಯಲ್ಲಿ ಅಡ್ಡಹೆಸರಿಟ್ಟು ಕರೆಸಿಕೊಂಡ ಹುಡುಗ ಹಿಂದಿನ ಬೆಂಚಿಗೆ ಹೋಗುತ್ತಾನೆ, ಆಮೇಲೆ ಶಾಲೆಗೇ ಬರಲು ಹಿಂಜರಿಯುತ್ತಾನೆ. ಮೊಡವೆಯಿಂದ ಮನಸ್ಸು ಕುಗ್ಗಿ ಊಟ, ನಿದ್ದೆ, ಮಾತು ಬಿಟ್ಟವರಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಮದುವೆ ಗೊತ್ತಾಗಿದೆ, ಎಂಟು ದಿನದಲ್ಲಿ ಮುಖ ಸರಿಯಾಗಬೇಕು ಎಂದು ಯಾರಾದರೂ ನಿಮ್ಮ ಮನೆಯಲ್ಲಿ ಹೇಳಿದರೆ, ಎಂಟು ದಿನದಲ್ಲಿ ಸರಿಮಾಡುವ ಒಳ್ಳೆಯ ಔಷಧಿ ಇಲ್ಲ ಎಂದು ಗಟ್ಟಿಯಾಗಿ ಹೇಳಿ. ಗುಳ್ಳೆ ಇದ್ದ ಮುಖದಲ್ಲೇ ಮದುವೆಯಾಗಲಿ, ಪರೀಕ್ಷೆಗೆ ಹೋಗಲಿ, ಜಾತ್ರೆಯಲ್ಲಿ ಫೋಟೋ ತೆಗೆಸಿಕೊಳ್ಳಲಿ. ಮೊಡವೆ ಇವತ್ತಲ್ಲ ನಾಳೆ ಇಳಿಯುತ್ತದೆ. ಈ ಬರಹವನ್ನು ನಿಮ್ಮ ಊರಿನ ಗ್ರೂಪಿಗೆ ಕಳಿಸಿ, ಮನೆಯ ಕಪಾಟಿನಲ್ಲಿರುವ ಟ್ಯೂಬಿನ ಸಣ್ಣ ಅಕ್ಷರಗಳನ್ನು ಇವತ್ತೇ ಓದಿ.